ಗಾಜಿನಲ್ಲಿದ್ದ ನೆರಳು

ನನ್ನ ಹೆಂಡತಿ ತೆಗೆದ ಫೋಟೋಗಳು ಪುರಭವನದ ಗೋಡೆ ಏರುತ್ತಿವೆ. ನನ್ನವಲ್ಲ, ಅವಳವು. ಮುಖ್ಯರಸ್ತೆಯಲ್ಲಿ ಸ್ಟುಡಿಯೋ ಇಟ್ಟು ಊರವರ ಮುಖಗಳನ್ನೆಲ್ಲ ಚಂದ ಮಾಡಿಕೊಟ್ಟವನು ನಾನು. ಅವಳು ಕೌಂಟರಿನಲ್ಲಿ ಕೂತು, ಗಿರಾಕಿ ಇಲ್ಲದಾಗ, ನಾನು ಮೂಲೆಗೆಸೆದ ಹಳೇ ಕ್ಯಾಮೆರಾದಲ್ಲಿ ಗಾಜಿನ ಬಾಗಿಲಾಚೆಯ ರಸ್ತೆಯನ್ನು ತೆಗೆಯುತ್ತಿದ್ದಳು. ಅದೇನು ನೋಡುವಂಥ ರಸ್ತೆಯೇ? ಲಾರಿ, ಬಸ್ಸು, ಪಂಕ್ಚರ್ ಅಂಗಡಿಯ ಟೈರುಗಳು, ಜೋತುಬಿದ್ದ ತಂತಿ, ದಾಟಲಾಗದೆ ನಿಂತ ಮುದುಕಿ.

ಅಲ್ಲಿನ ಫೋಟೋ ಪ್ರದರ್ಶನಕ್ಕೆ ಇಬ್ಬರೂ ಕಳಿಸಿದ್ದೆವು. ಆಯ್ಕೆ ಸಮಿತಿಯವರು ನನ್ನ ಸೂರ್ಯಾಸ್ತಗಳನ್ನು ವಾಪಸ್ ಕಳಿಸಿ ಅವಳ ಟೈರುಗಳನ್ನು ಇಟ್ಟುಕೊಂಡರು. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಹಲ್ಲು ಕಚ್ಚಿಕೊಂಡು "ಒಳ್ಳೇದಾಯ್ತು ಬಿಡು" ಎಂದೆ. ಭಾವಮೈದ ಬೇರೆ ಬಂದು, "ಏನ್ ಭಾವ, ಇನ್ಮೇಲೆ ಬೋರ್ಡಲ್ಲಿ ಅಕ್ಕನ ಹೆಸರು ಬರೆಸ್ತೀರಾ?" ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದ.

"ಪ್ರಿಂಟ್ ನೀವೇ ಹಾಕ್ಕೊಡಿ. ಬೇರೆಯವರ ಕೈಗೆ ಕೊಡಲ್ಲ ನಾನು" ಎಂದಳು ಇವಳು.

ಕಂಪ್ಯೂಟರಿನಲ್ಲಿ ತೆರೆದೊಡನೆ ತಪ್ಪು ಕಣ್ಣಿಗೆ ಬಿತ್ತು. ಪ್ರತಿ ಫೋಟೋದ ಬಲಮೂಲೆಯಲ್ಲೂ ಗಾಜಿನಲ್ಲಿ ಮೂಡಿದ ಒಂದು ಮಸುಕು ನೆರಳು! ಗಾಜಿನ ಮೂಲಕ ತೆಗೆಯುವಾಗ ಒಳಗಿನ ದೀಪ ಆರಿಸಬೇಕೆಂದು ಕಲಿಯುವವರಿಗೂ ಗೊತ್ತು. ನನಗೋ ಹಾಲು ಕುಡಿದಷ್ಟು ಸಂತೋಷ. ನಾನಿಲ್ಲದಿದ್ದರೆ ಇವಳ ಮಾನ ಹರಾಜಾಗುತ್ತಿತ್ತಲ್ಲ! ಮೊಡವೆ, ಮಚ್ಚೆ ಅಳಿಸಿ ಪಳಗಿದ ಕೈ ನನ್ನದು. ಒಂದೊಂದರಲ್ಲೂ ಆ ನೆರಳನ್ನು ಒರೆಸಿ, ಅಲ್ಲಿ ಲಾರಿಯ ಬಣ್ಣವನ್ನೋ ಡಾಂಬರನ್ನೋ ತುಂಬಿ ಪ್ರಿಂಟ್ ಹಾಕಿದೆ.

ಇಂದು ಬೆಳಗ್ಗೆ ಪುರಭವನದಲ್ಲಿ ಅವಳು ಪ್ರಿಂಟುಗಳ ಕಟ್ಟು ಬಿಚ್ಚಿದಳು. ಒಂದು ನೋಡಿದಳು, ಇನ್ನೊಂದು ನೋಡಿದಳು. ಮುಖ ಇಳಿದುಹೋಯಿತು.

"ರೀ, ನೀವೆಲ್ಲಿ?"

"ಇಲ್ಲೇ ಇದೀನಲ್ಲ."

"ಫೋಟೋದಲ್ಲಿ! ಗಾಜಲ್ಲಿ ಕಾಣ್ತಿದ್ದಿದ್ದು ನೀವೇ ಅಲ್ವಾ? ಹೊರಗೆ ಅಷ್ಟು ದೊಡ್ಡ ರಸ್ತೆ ಓಡ್ತಿರುತ್ತೆ, ನೀವು ಕಂಪ್ಯೂಟರ್ ಮುಂದೆ ಬಗ್ಗಿಸಿದ ತಲೆ ಎತ್ತಲ್ಲ. ಸಮಿತಿಯವರು ಮೆಚ್ಚಿದ್ದೇ ಅದನ್ನ. ಯಾರಮ್ಮ ಇವರು ಅಂದ್ರು. ನಮ್ಮನೆಯವರು ಅಂದೆ." ಪ್ರಿಂಟನ್ನು ನನ್ನ ಮುಂದೆ ಹಿಡಿದಳು. "ಹೊಟ್ಟೆಕಿಚ್ಚಿಗೆ ಅಳಿಸಿದ್ರಾ?"

ಹೌದೆನ್ನಲೇ? ಇಲ್ಲ, ನನ್ನ ಗುರುತು ನನಗೇ ಸಿಗಲಿಲ್ಲ ಎನ್ನಲೇ? ಪ್ರಿಂಟುಗಳನ್ನು ಮತ್ತೆ ಕಟ್ಟತೊಡಗಿದೆ.

"ಸಂಜೆಯೊಳಗೆ ಇದ್ದ ಹಾಗೇ ಹಾಕ್ಕೊಡಿ" ಎಂದಳು.

ಅಂಗಡಿಗೆ ಓಡಿಬಂದು ಮೂಲ ಫೋಟೋಗಳನ್ನು ತೆರೆದೆ. ಬೋಳು ನೆತ್ತಿ, ಸೊಟ್ಟ ಕಾಲರ್, ಅವುಗಳ ಮೇಲೆ ಹಾದುಹೋಗುತ್ತಿರುವ ಕೆಂಪು ಬಸ್ಸು. ಕಾಲರ್ ಸರಿಮಾಡಲು ಕೈ ಹೋಯಿತು, ಹಿಂದಕ್ಕೆಳೆದುಕೊಂಡೆ. ಇಂಥದ್ದೊಂದು ಫೋಟೋ ನಾನು ಜನ್ಮದಲ್ಲಿ ತೆಗೆದಿಲ್ಲ. ಹೊಟ್ಟೆ ಇನ್ನೂ ಉರಿಯುತ್ತಲೇ ಇದೆ.

ಪ್ರಿಂಟರ್ ಗುರುಗುಡುತ್ತಿರುವಾಗ, ನಾನೂ ಅವಳನ್ನು ತೆಗೆದಿದ್ದೇನಲ್ಲ ಎಂದು ಹುಡುಕಿದೆ. ಇಡೀ ಊರೇ ಇರುವ ಕಂಪ್ಯೂಟರಿನಲ್ಲಿ ಅವಳದೆಂದು ಸಿಕ್ಕಿದ್ದು ಒಂದೇ, ಬಿಳಿ ಪರದೆಯ ಮುಂದಿನ ಪಾಸ್‌ಪೋರ್ಟ್ ಸೈಜಿನದು.