ಒಂಬತ್ತು ಸಾವಿರದ ಇನ್ನೂರ ನಲವತ್ತು ಹೆಜ್ಜೆ

ಸಿದ್ಧಾರೂಢ ಜೋಳದ ದಂಟನ್ನು ಚಿಕ್ಕಪ್ಪನ ಬಲಪಾದಕ್ಕೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದ. ಹೂಳುವ ಕುಣಿ ತೋಡುವವರು ಅಳತೆ ಕೇಳಿ ಆಗಲೇ ಎರಡು ಸಲ ಫೋನು ಮಾಡಿದ್ದರು. ಈ ಮನೆತನದಲ್ಲಿ ಸತ್ತವರ ಕುಣಿಯನ್ನು ಸತ್ತವರ ಪಾದದಿಂದಲೇ ಅಳೆಯಬೇಕು, ಟೇಪು ನಡೆಯುವುದಿಲ್ಲ.

"ಭಾಳ ಸಣ್ಣ ಪಾದ ನೋಡ್ರಿ," ಎಂದ ಸಿದ್ಧಾರೂಢ.

"ಸಣ್ಣದಿದ್ರ ಏನಾತಲೇ? ಮೂವತ್ತೊಂದು ವರ್ಷ ಇಡೀ ರೇಲ್ವೆ ಆ ಪಾದದ ಮ್ಯಾಲ ಓಡೇತಿ," ಎಂದ ಭರಮಪ್ಪ. ಅವನೂ ಪಕ್ಕದಲ್ಲಿ ಕೂತಿದ್ದ ಬಾಬಾಸಾಬನೂ ಸತ್ತವನ ಜೊತೆ ರೈಲು ಹಳಿಯ ಗ್ಯಾಂಗಿನಲ್ಲಿ ದುಡಿದವರು.

ಗೋಡೆಗೆ ಆನಿಸಿ ಕೂರಿಸಿದ್ದ ಈರಬಸಪ್ಪ, ಹಣೆತುಂಬ ವಿಭೂತಿ ಧರಿಸಿ, ತಲೆಗೆ ಹೊಸ ಪಟಗಾ ಸುತ್ತಿಕೊಂಡು, ಯಾವುದೋ ಸಭೆಯ ಅಧ್ಯಕ್ಷನಂತೆ ಕಾಣುತ್ತಿದ್ದ. ಬದುಕಿದ್ದಾಗ ಕುಂದಗೋಳದಲ್ಲಿ ಅವನನ್ನು ಯಾರೂ ಯಾವ ಸಭೆಗೂ ಕರೆದಿರಲಿಲ್ಲ. ಅವನು ಕೀಮನ್. ದಿನವೂ ಬೆಳಗ್ಗೆ ಸಂಶಿ ಕಡೆಯ ಗೇಟಿನಿಂದ ಕುಂದಗೋಳ ಸ್ಟೇಷನ್ನಿನವರೆಗೆ ಹಳಿಗುಂಟ ನಡೆದು, ಸಡಿಲಾದ ಕೀಲುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಅವನ ಕೆಲಸ. ಅಂಥ ಕೆಲಸ ಸರಿಯಾಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಿದರೆ ಮಾತ್ರ ಪೇಪರಿನಲ್ಲಿ ಬರುತ್ತದೆ. ಈರಬಸಪ್ಪನ ಹೆಸರು ಒಂದು ಸಲವೂ ಪೇಪರಿನಲ್ಲಿ ಬರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಯುನೂಸ್ ಬಾಗಿಲ ಬಳಿ ನಿಂತಿದ್ದ. ಒಳಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಅದನ್ನು ಕಂಡೇ ಇರಬೇಕು, ಈರಬಸಪ್ಪನ ಹೆಂಡತಿ ಶಿವಗಂಗವ್ವ ಕೂತಲ್ಲಿಂದಲೇ ಕರೆದಳು.

"ಇಲ್ಲಿ ಬಾರಪಾ ಯುನೂಸ. ಒಂದ ಮಾತು ಕೇಳತೀನಿ, ಖರೇ ಹೇಳು. ನಿನ್ನ ಅಂಗಡಿಯಿಂದ ಬಂದ ಮ್ಯಾಲ ಎಂಟ ದಿವಸ ಅವ್ರು ನೆಟ್ಟಗ ಊಟಾ ಮಾಡಲಿಲ್ಲ. 'ನಮ್ಮ ಮದುವಿ ಆದದ್ದು ಎಪ್ಪತ್ತಾರನೇ ಇಸವಿ ಹೌದಲ್ಲ?' ಅಂತ ನನ್ನ ಕೇಳತಿದ್ರು. ಮಕ್ಕಳು ಹುಟ್ಟಿದ ತಾರೀಖು ಕೇಳತಿದ್ರು. ಒಂದು ತಪ್ಪಿದ್ರ ಎಲ್ಲಾ ತಪ್ಪಿರಬೇಕು ಅನ್ನೂರು. ಅವ್ರ ಲೆಕ್ಕಾ ತಪ್ಪಿತ್ತೇನು?"

ಯುನೂಸ್ ಒಳಗೆ ಬಂದ. "ನನಗ ತಿಳೀವಲ್ದು ಕಾಕಿ," ಎಂದ. ಅದು ಸುಳ್ಳು. ತಪ್ಪಿತ್ತು ಎಂದೇ ಅವನು ನಂಬಿದ್ದ.

*

ಎರಡು ವರ್ಷದ ಹಿಂದೆ, ನವೆಂಬರಿನಲ್ಲಿ, ತಾನಿನ್ನೂ ಬದುಕಿದ್ದೇನೆಂದು ಪೆನ್ಶನ್ನಿಗಾಗಿ ಹೆಬ್ಬೆಟ್ಟು ಒತ್ತಲು ಈರಬಸಪ್ಪ ಆ ಅಂಗಡಿಗೆ ಬಂದಿದ್ದ. ಗಿರಾಕಿ ಇಲ್ಲದ ಹೊತ್ತು. ಯುನೂಸ್ ಕಂಪ್ಯೂಟರಿನಲ್ಲಿ ಯಾವುದೋ ಹಿಮದ ದೇಶದ ರೈಲು ಓಡಿಸುತ್ತಿದ್ದ.

"ಏನೋ ಇದು?"

"ಸಿಮ್ಯುಲೇಟರ್ ರೀ ಕಾಕಾ. ಖರೇ ರೈಲು ಓಡಿಸಿದಂಗ."

"ಇದರಾಗ ನಮ್ಮ ಸಣ್ಣ ಗಾಡಿ ಐತೇನು?"

ಸಣ್ಣ ಗಾಡಿ ಎಂದರೆ ಮೀಟರ್ ಗೇಜಿನದು. ಅಗಲದ ಹಳಿ ಬಂದು ಅದು ಹೋಗಿ ಮೂವತ್ತು ವರ್ಷವಾಗಿತ್ತು. ಕೆಲವು ಕಡೆ ಹೊಸ ಹಳಿ ಬೇರೆ ದಾರಿ ಹಿಡಿದು, ಹಳೆಯ ದಿಬ್ಬವನ್ನು ರೈತರು ಉತ್ತು ಮೆಣಸಿನಗಿಡ ಹಚ್ಚಿದ್ದರು.

"ಇಲ್ರಿ. ಆದ್ರ ನಾವ ಮಾಡಬಹುದು. ಖರೇ ನಕ್ಷೆ ಪ್ರಕಾರ ಖಾಲಿ ನೆಲಾ ಕೊಡತಾರ, ಹಳಿ ನಾವ ಹಾಕಬೇಕು."

"ಹಳಿ ಹಾಕೂದು ನನಗ ಬರತೈತಿ," ಎಂದು ಈರಬಸಪ್ಪ ಕುರ್ಚಿ ಎಳೆದುಕೊಂಡು ಕೂತ. ಕೂತವನು ಎರಡು ವರ್ಷ ಏಳಲಿಲ್ಲ ಎಂದರೂ ತಪ್ಪಿಲ್ಲ.

ಮೊಣಕಾಲು ಕೈಕೊಟ್ಟಿದ್ದವು. ತಲೆ ಮಾತ್ರ ಅಗದಿ ಗಟ್ಟಿ. ದಾರಿಯ ಬೇಸರ ಕಳೆಯಲು ಅವನು ನೌಕರಿಯುದ್ದಕ್ಕೂ ಹೆಜ್ಜೆ ಎಣಿಸಿದ್ದ. ನೂರಕ್ಕೊಂದು ಹರಳನ್ನು ಎಡಗಿಸೆಯಿಂದ ಬಲಗಿಸೆಗೆ ಹಾಕುತ್ತ, ಗೇಟಿನಿಂದ ಸ್ಟೇಷನ್ನಿಗೆ ಒಂಬತ್ತು ಸಾವಿರದ ಇನ್ನೂರ ನಲವತ್ತು.

"ಬರಕೋ. ಎರಡು ಸಾವಿರದ ನೂರಾ ಹತ್ತಕ್ಕ ಹಳ್ಳದ ಮೋರಿ. ನಾಕು ಸಾವಿರದ ಮುನ್ನೂರಕ್ಕ ಬೇವಿನ ಗಿಡ, ಬುಡಕ್ಕ ನೀರಿನ ಹರವಿ. ಹರವಿ ಹಾಕಿದ್ಯೋ ಇಲ್ಲೋ?"

"ಹಾಕೀನ್ರಿ. ಒಂದು ಹೆಜ್ಜಿ ಅಂದ್ರ ಎಷ್ಟು ಉದ್ದ ಹಿಡೀಲಿ?"

"ಹೆಜ್ಜಿ ಅಂದ್ರ ಹೆಜ್ಜಿ. ಮನಷ್ಯಾ ನಡ್ಯೂ ಹೆಜ್ಜಿ. ಇದೇನ ಕೇಳತೀಯೋ?"

ಮುದುಕನನ್ನು ನಡೆಸಿ ನೋಡುವಂತಿರಲಿಲ್ಲ. ಯುನೂಸ್ ತಾನೇ ಹೊರಗೆ ಹೋಗಿ ರಸ್ತೆಯಲ್ಲಿ ಹತ್ತು ಹೆಜ್ಜೆ ನಡೆದು ಅಳೆದು, ಒಂದಕ್ಕೆ ಎರಡೂವರೆ ಫೂಟು ಎಂದು ಬರೆದುಕೊಂಡ. ಗಡಿಯಾರ ನೋಡಿದಷ್ಟು ಸುಲಭವಾಗಿ ಮುಗಿದ ಆ ಕೆಲಸದ ಬಗ್ಗೆ ಅವನು ಮತ್ತೆ ಯೋಚಿಸಲಿಲ್ಲ.

ಮೋರಿ, ಗಿಡ, ಸಿಗ್ನಲ್ಲು ಎಲ್ಲವೂ ಎದ್ದವು. ಕೊನೆಗೆ ಸ್ಟೇಷನ್ ಕೂರಿಸುವಾಗ ಎಡವಟ್ಟಾಯಿತು. ಈರಬಸಪ್ಪನ ಲೆಕ್ಕದ ಸ್ಟೇಷನ್, ನಕ್ಷೆಯಲ್ಲಿರುವ ಸ್ಟೇಷನ್ ದಾಟಿ ಒಂಬೈನೂರು ಮೀಟರು ಮುಂದೆ, ಯಾರದೋ ಹೊಲದಲ್ಲಿ ಬಂತು. ಮೋರಿಯೂ ಹಳ್ಳ ಬಿಟ್ಟು ಒಣ ನೆಲದಲ್ಲಿತ್ತು.

"ಲೆಕ್ಕಾ ತಪ್ಪೈತಿ ಕಾಕಾ," ಎಂದ ಯುನೂಸ್. ಅಷ್ಟಕ್ಕೇ ನಿಲ್ಲಿಸಬೇಕಿತ್ತು. "ವಯಸ್ಸಾತು, ಮರ್ತೀರಿ. ಇರಲಿ ಬಿಡ್ರಿ, ನಾ ಕತ್ತರಿಸಿ ಕೂಡಸ್ತೀನಿ," ಎಂದುಬಿಟ್ಟ.

ಈರಬಸಪ್ಪ ಪರದೆಯನ್ನೇ ನೋಡಿದ. ಜಗಳ ಮಾಡಲಿಲ್ಲ. "ಕತ್ತರಸ್ಬ್ಯಾಡ," ಎಂದಷ್ಟೇ ಹೇಳಿ ಆಟೋ ತರಿಸಿಕೊಂಡು ಹೋದ. ಆಮೇಲೆ ಬರಲಿಲ್ಲ. ಎಂಟು ದಿನಕ್ಕೆ ಸತ್ತ ಸುದ್ದಿ ಬಂತು.

*

ವಿಮಾನವೆಂದು ಕರೆಯುವ, ಹೆಣ ಕೂರಿಸಿದ ಹೂವಿನ ಕುರ್ಚಿಯನ್ನು ಎತ್ತುವಾಗ ಭರಮಪ್ಪ ಮತ್ತು ಬಾಬಾಸಾಬ ಮುಂದಿನ ಎರಡು ಬೊಂಬುಗಳನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಎಪ್ಪತ್ತು ದಾಟಿದವರು, ಬೇಡ ಅಂದವರನ್ನು ಬೈದರು. ಹಿಂದೆ ಸಿದ್ಧಾರೂಢ ಮತ್ತು ಯುನೂಸ್ ಹೆಗಲು ಕೊಟ್ಟರು. ಭಜನೆ ಶುರುವಾಯಿತು.

ಓಣಿ ದಾಟುವುದರೊಳಗೆ ವಿಮಾನ ಮುಗ್ಗರಿಸತೊಡಗಿತು. ಹಿಂದಿನವರು ಹೆಜ್ಜೆ ಇಟ್ಟಾಗಲೆಲ್ಲ ಬೊಂಬು ಮುಂದಿನವರ ಕುತ್ತಿಗೆಗೆ ಒತ್ತುತ್ತಿತ್ತು. ಈರಬಸಪ್ಪನ ಪಟಗಾ ಕಣ್ಣಿನವರೆಗೆ ಜಾರಿತು.

"ಲೇ, ಉದ್ದ ಕಾಲು ಹಾಕಬ್ಯಾಡ್ರಲೇ!" ಭರಮಪ್ಪ ಗದರಿದ. "ನಮ್ಮನ್ನೂ ಅವನ ಜೋಡೀನ ಕಳಸ್ತೀರೇನು?"

"ನೀವ ಹೆಣ್ಮಕ್ಕಳ ಗತೆ ಸಣ್ಣ ಹೆಜ್ಜಿ ಹಾಕಾಕತ್ತೀರಿ," ಎಂದ ಸಿದ್ಧಾರೂಢ.

ಯುನೂಸ್ ತಲೆ ತಗ್ಗಿಸಿ ನೋಡಿದ. ಮುಂದಿನ ಇಬ್ಬರೂ ಒಂದೇ ಅಳತೆಯ, ಗಿಡ್ಡ ಹೆಜ್ಜೆ ಇಡುತ್ತಿದ್ದರು. ಭರಮಪ್ಪ ಆರು ಫೂಟಿನ ಆಳು, ಬಾಬಾಸಾಬ ಅವನ ಹೆಗಲಿಗೆ ಬರುವುದಿಲ್ಲ. ಆದರೂ ಇಬ್ಬರ ಹೆಜ್ಜೆಗೂ ಎಳ್ಳಷ್ಟು ಫರಕಿರಲಿಲ್ಲ. ದಣಿವಿನದೋ ವಯಸ್ಸಿನದೋ ಆಗಿದ್ದರೆ ಹೀಗೆ ಸರಿಸಮ ಇರುತ್ತಿತ್ತೇ?

"ಬಾಬಾಸಾಬ ಕಾಕಾ, ನೀವು ಯಾವಾಗ್ಲೂ ಹಿಂಗ ನಡೀತೀರೇನು?"

"ಮತ್ತ ಹ್ಯಾಂಗ ನಡೀಬೇಕು? ಹಳಿ ಬುಡಕ ಅಡ್ಡ ಹಾಕಿದ ಸ್ಲೀಪರಿಂದ ಸ್ಲೀಪರಿಗೆ ಕಾಲಿಟ್ಟೂ ಇಟ್ಟೂ ಹಿಂಗ ಆಗೇತಿ. ನಡುವ ಇಟ್ರ ಖಡಿ ಕಲ್ಲು, ಕಾಲು ಉಳಕತೈತಿ. ನನ್ನ ಮದುವಿ ಮೆರವಣಿಗ್ಯಾಗೂ ಹಿಂಗ ನಡದು ಎಲ್ಲಾರೂ ನಕ್ಕಿದ್ರು."

"ಈರಬಸಪ್ಪ ಕಾಕಾನೂ?"

"ಅಂವಾ ಅಂತೂ ಸೈ. ಗ್ಯಾಂಗಿನವ್ರದೆಲ್ಲಾ ಒಂದ ಹೆಜ್ಜಿ."

ಯುನೂಸ್‌ಗೆ ಹೆಗಲ ಮೇಲಿನ ಭಾರ ಒಮ್ಮೆಲೇ ಹೆಚ್ಚಾದಂತೆ ಆಯಿತು. ಮನುಷ್ಯ ನಡೆಯುವ ಹೆಜ್ಜೆ ಎಂದು ಈರಬಸಪ್ಪ ಹೇಳಿದ್ದು ನಿಜವೇ. ಅವನಿಗೆ ಗೊತ್ತಿದ್ದ ಮನುಷ್ಯರೆಲ್ಲ ಹಾಗೆಯೇ ನಡೆಯುತ್ತಿದ್ದರು. ಬೇರೆ ಹೆಜ್ಜೆಯೊಂದು ಜಗತ್ತಿನಲ್ಲಿದೆ ಎಂದು ಅವನಿಗೆ ಹೊಳೆದಿರಲಿಕ್ಕಿಲ್ಲ.

"ಒಂದು ಸ್ಲೀಪರಿಂದ ಇನ್ನೊಂದಕ್ಕ ಎಷ್ಟು ದೂರ ಇತ್ತ್ರಿ?"

"ಹೆಣಾ ಹೊತ್ತಾಗ ಕೇಳೂ ಮಾತೇನೋ ಇದು? ಎರಡು ಫೂಟು, ಮ್ಯಾಲ ಎರಡಿಂಚು," ಎಂದ ಭರಮಪ್ಪ. ಬೈಯುತ್ತಲೇ ಉತ್ತರ ಕೊಡುವುದು ಅವನ ಅಭ್ಯಾಸ.

ಎರಡೂವರೆ ಫೂಟಿಗೆ ನಾಲ್ಕಿಂಚು ಕಡಿಮೆ. ಯುನೂಸ್ ಮನಸ್ಸಿನಲ್ಲೇ ಗುಣಿಸಿದ, ತಪ್ಪಿತು, ಮತ್ತೆ ಗುಣಿಸಿದ. ಒಂಬೈನೂರ ಚಿಲ್ಲರೆ ಮೀಟರು, ಸ್ಟೇಷನ್ ಮುಂದೆ ಸರಿದಿದ್ದಷ್ಟೇ. ಅಲ್ಲಿಂದ ಸ್ಮಶಾನದವರೆಗೆ ಅವನು ಕಾಲು ಗಿಡ್ಡ ಮಾಡಿ ನಡೆದ. ಪಕ್ಕದಲ್ಲಿದ್ದ ಸಿದ್ಧಾರೂಢನಿಗೂ ಹಾಗೆ ನಡೆಯಲು ಹೇಳಿದ. ವಿಮಾನ ಅಲುಗಾಡುವುದು ನಿಂತಿತು.

ಕುಣಿಗೆ ಮಣ್ಣು ಹಾಕುವ ಸರದಿ ಬಂದಾಗ ಯುನೂಸ್ ಬಗ್ಗಿ, ಎಲ್ಲರೂ ಕೇಳುವಂತೆಯೇ ಹೇಳಿದ: "ಕಾಕಾ, ನಿಮ್ಮ ಲೆಕ್ಕಾ ಬರೋಬ್ಬರಿ ಐತ್ರಿ. ತಪ್ಪಿದಾಂವ ನಾನು." ಅವನಿಗೆ ಅಳು ತಡೆಯಲಾಗಲಿಲ್ಲ. ಮಂತ್ರ ಹೇಳುತ್ತಿದ್ದ ಅಯ್ಯನವರು ಒಂದು ಗಳಿಗೆ ನಿಲ್ಲಿಸಿ, ಅವನು ಎದ್ದ ಮೇಲೆ ಮುಂದುವರಿಸಿದರು.

ಮನೆಗೆ ಮರಳಿ ಕಾಲು ತೊಳೆದುಕೊಂಡು ಅವನು ಶಿವಗಂಗವ್ವನ ಎದುರು ಕೂತು ಎಲ್ಲವನ್ನೂ ಹೇಳಿದ. ಅವಳು ಬೆರಳು ಮಡಚುತ್ತ ಕೇಳಿದಳು.

"ಅವ್ರಿಗೆ ಹೇಳಿದ್ಯಾ?"

"ಹೇಳಿದೆ ಕಾಕಿ. ಮಣ್ಣು ಹಾಕೂವಾಗ."

"ಎಂಟ ದಿವಸ ಮೊದ್ಲ ಹೇಳಬೇಕಾಗಿತ್ತಪಾ," ಎಂದಳು. ಮಡಚಿದ ಬೆರಳು ಬಿಚ್ಚಿ, "ಎಪ್ಪತ್ತಾರ ಹೌದು. ನಮ್ಮ ಮದುವಿ," ಎಂದು ಯಾರಿಗೋ ಹೇಳುವಂತೆ ಹೇಳಿದಳು.

*

ಮಧ್ಯಾಹ್ನ ಅಂಗಡಿಯ ಅರ್ಧ ಶಟರ್ ಎತ್ತಿ ಯುನೂಸ್ ಕಂಪ್ಯೂಟರ್ ಹಚ್ಚಿದ. ನೋಡಲೇಬೇಕೆಂದು ಭರಮಪ್ಪನೂ ಬಾಬಾಸಾಬನೂ ಬೆನ್ನು ಹತ್ತಿ ಬಂದು ಕುರ್ಚಿ ಹಿಡಿದಿದ್ದರು. ಮೂವತ್ತು ಇಂಚು ಎಂದಿದ್ದಲ್ಲಿ ಇಪ್ಪತ್ತಾರು ಎಂದು ಒತ್ತಿದ. ಮೋರಿ ಸರಿದು ಹಳ್ಳದ ಮೇಲೆ ಕೂತಿತು. ಬೇವಿನ ಗಿಡ ಹಿಂದೆ ಬಂತು. ಒಂಬತ್ತು ಸಾವಿರದ ಇನ್ನೂರ ನಲವತ್ತಕ್ಕೆ ಕುಂದಗೋಳ ಸ್ಟೇಷನ್ ತನ್ನ ಜಾಗಕ್ಕೆ ಬಂದು ನಿಂತಿತು. ಒಂದು ಸ್ಲೀಪರಿನಷ್ಟೂ ಆಚೀಚೆ ಇರಲಿಲ್ಲ.

"ಗಾಡಿ ಬಿಡು," ಎಂದ ಬಾಬಾಸಾಬ.

ಹಳಿಯ ಮೇಲೆ ನಿಂತು ನೋಡುವವರಿಗೆ ಕಾಣುವಂತೆ ಯುನೂಸ್ ಪರದೆಯ ನೋಟ ತಿರುಗಿಸಿದ. ದೂರದಲ್ಲಿ ಹೊಗೆ ಎದ್ದಿತು. ಸಣ್ಣ ಗಾಡಿಯ ಕರಿ ಎಂಜಿನ್ನು ಸೀಟಿ ಹಾಕುತ್ತ ನೇರ ಪರದೆಯ ಕಡೆಗೇ ಬರತೊಡಗಿತು.

ಇಬ್ಬರು ಮುದುಕರೂ ಎದ್ದರು. ಕುರ್ಚಿಗಳನ್ನು ಬದಿಗೆ ಎಳೆದು, ಎಡಕ್ಕೆ ಸರಿದು, ಝೆರಾಕ್ಸ್ ಯಂತ್ರಕ್ಕೆ ಬೆನ್ನು ಹಚ್ಚಿ ನಿಂತರು. ಹಳಿ ಬಿಟ್ಟು ಸರಿದ ಗ್ಯಾಂಗಿನವರು ಡ್ರೈವರಿಗೆ ತೋರಿಸುವಂತೆ ಭರಮಪ್ಪ ಬಲಗೈ ಮೇಲೆತ್ತಿ ಹಿಡಿದ. ಅಷ್ಟರಲ್ಲಿ ಆಧಾರ್ ಕಾರ್ಡು ಹಿಡಿದ ಹೆಣ್ಣುಮಗಳೊಬ್ಬಳು ಶಟರಿನ ಕೆಳಗೆ ಬಗ್ಗಿ ಒಳಗೆ ಕಾಲಿಟ್ಟಳು.

"ತಡಿಯವ್ವಾ," ಎಂದು ಬಾಬಾಸಾಬ ತೋಳು ಅಡ್ಡ ಹಿಡಿದ. "ಗಾಡಿ ಬರಾಕತ್ತೇತಿ."

ಅವಳು ಹೊಸ್ತಿಲಲ್ಲೇ ನಿಂತಳು.