ಪೂಜೆಗೆ ಕುಂತ ಹತಾರ

ಲ್ಯಾಪ್‌ಟಾಪನ್ನು ಓರೆ ಮಾಡಿದಾಗ ಅರಿಸಿನದ ನೀರು ರಾಜಶ್ರೀಯ ಅಂಗೈಗೆ ಇಳಿಯಿತು.

"ಇದನ್ನ ತೊಳದ್ರೇನ್ರಿ ಅತ್ತಿ?"

"ತೊಳೀಲಾರದ ಪೂಜಾಕ್ಕ ಇಡ್ತಾರೇನ?" ರೇವವ್ವ ಕುಡಗೋಲಿಗೆ ವಿಭೂತಿ ಹಚ್ಚುತ್ತಲೇ ಅಂದಳು. "ಅವರಪ್ಪಂದು ಕುಡಗೋಲ, ಅಂವಂದು ಇದು. ಖಂಡೇಪೂಜಿ ದಿನ ಅವನ ಹತಾರ ಒಂದ ಹೊರಗ ಇಡ್ಲೇನ?"

ಗಂಡ ಅಮಿತ ತೀರಿಹೋಗಿ ವರ್ಷ ತುಂಬಿದ ಮೇಲೆ ಬಂದ ಮೊದಲ ಆಯುಧಪೂಜೆ. ತಾನು ಕಲಿಸುತ್ತಿದ್ದ ದೇವಣಗಾಂವದ ಶಾಲೆಯಿಂದ ಸಿಂದಗಿಗೆ ಬೈಕಿನಲ್ಲಿ ಬರುವಾಗ ಆದ ಅಪಘಾತದಲ್ಲಿ ಅವನ ಜೊತೆ ಅವನ ಫೋನೂ ಪುಡಿಯಾಗಿತ್ತು. ಶಾಲೆಯ ಮಕ್ಕಳಿಗೆಂದು ಅವನು ತನ್ನ ದನಿಯಲ್ಲಿ ಓದಿ ತುಂಬಿಸಿಟ್ಟ ಪಾಠಗಳು ಉಳಿದದ್ದು ಇದೊಂದರಲ್ಲೇ. ರಾಜಶ್ರೀ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುತ್ತಿದ್ದಳು, ತೆರೆಯುತ್ತಿರಲಿಲ್ಲ. ಆ ದನಿ ಅಲ್ಲಿದೆ ಎಂಬುದೇ ಸಾಕಾಗಿತ್ತು.

ಲ್ಯಾಪ್‌ಟಾಪಿನ ಅಂಚಿನಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಅವಳು ರಿಪೇರಿಯ ದುಂಡೇಶನಿಗೆ ಫೋನ್ ಹಚ್ಚಿದಳು.

"ಲ್ಯಾಪ್‌ಟಾಪಿಗೂ ಹಬ್ಬದ ಜಳಕಾ ಆತೇನ್ರಿ ಅಕ್ಕಾರ?" ಅವನು ನಕ್ಕ. ಇತ್ತಲಿಂದ ನಗು ಬಾರದಿದ್ದಾಗ ದನಿ ತಗ್ಗಿಸಿದ. "ಚಾಲೂ ಮಾಡಬ್ಯಾಡ್ರಿ. ತಳಾ ಬಿಚ್ಚಿ ಮದ್ಲ ಬ್ಯಾಟ್ರಿ ತಗೀರಿ. ತಡಾ ಮಾಡಿದ್ರ ಒಳಗಿಂದೆಲ್ಲ ಸುಟ್ಟ ಹೋಗ್ತೈತಿ. ನನ್ನ ಹತಾರ ಪೂಜಾಕ್ಕ ಕುಂತಾವ, ನಾಳಿ ಬನ್ನಿ ಕೊಡೂ ತನಕ ಮುಟ್ಟಂಗಿಲ್ರಿ."

ಅಮಿತನ ಸಣ್ಣ ಸ್ಕ್ರೂಡ್ರೈವರ್ ಕೊಡಲಿಯ ಪಕ್ಕ ಕುಂಕುಮ ಹಚ್ಚಿಕೊಂಡು ಕುಳಿತಿತ್ತು. ರಾಜಶ್ರೀ ಕೈಹಾಕಿದಳು. ರೇವವ್ವ ಮುಂಗೈ ಹಿಡಿದಳು.

"ಹುಚ್ಚೀ, ಪೂಜಾಕ್ಕ ಕುಂತದ್ದು ಎತ್ತಬಾರ್ದು!"

"ಇದರಾಗ ಅವರ ದನಿ ಐತ್ರಿ ಅತ್ತಿ."

ರೇವವ್ವನ ಹಿಡಿತ ಸಡಿಲಾಯಿತು. ಅವಳಿಗೆ ಇದು ಗೊತ್ತಿರಲಿಲ್ಲ.

ತಳದ ಸ್ಕ್ರೂಗಳು ಒಂದೊಂದಾಗಿ ಎದ್ದವು. ಮೂಲೆಯದೊಂದು ಏಳಲಿಲ್ಲ. ಹಿಂದಿನ ಹಬ್ಬಗಳಲ್ಲಿ ಅವ್ವ ಚಿಮುಕಿಸಿದ ನೀರನ್ನು ಅಮಿತ ನಗುತ್ತ ಒರೆಸುತ್ತಿದ್ದ. ಅಲ್ಲಿಷ್ಟು ಉಳಿದು ತುಕ್ಕು ಹಿಡಿದಿತ್ತು. ರಾಜಶ್ರೀ ಹಿಡಿತಕ್ಕೆಂದು ರಬ್ಬರ್ ಬ್ಯಾಂಡ್ ಇಟ್ಟು ಒತ್ತಿದಳು. ಜಾರಿತು. ಮೈಭಾರವನ್ನೆಲ್ಲ ಹಾಕಿ ತಿರುವಿದಳು. ಸ್ಕ್ರೂ ತಲೆಯ ಗೀರು ಸವೆದು ಗುಂಡಗಾಗತೊಡಗಿತು. ಇನ್ನೊಂದು ಸಲ ಜಾರಿದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಹಸಿರು ದೀಪ ಮಿಣುಕುತ್ತಲೇ ಇತ್ತು.

"ಬಿಚ್ಚಬ್ಯಾಡ," ಅಂದಳು ರೇವವ್ವ. "ಮದ್ಲ ಬಿಗೀ ಕಡೆ ಒಂದೀಟ ತಿರುವು. ಜಂಗ ಬಿಡ್ತೈತಿ. ಆಮ್ಯಾಲ ಬಿಚ್ಚು."

"ನಿಮಗ ಹ್ಯಾಂಗ ಗೊತ್ತ್ರಿ?"

"ಹೆಂಗಸರ ಮೂಗುತಿ ತಿರುಪು ಬಿಚ್ಚೇ ಮುದುಕಿ ಆಗೇನಿ." ಸೊಸೆಯ ಮೂಗಿನತ್ತ ನೋಡಿ ಅಂದಳು, "ನಿನ್ನ ಮೂಗುತಿ ತಿರುಪು ಅವತ್ತ ಜಾಮ್ ಆಗಿದ್ದಿಲ್ಲ."

ಅಮಿತ ಹೋದಾಗ, ಅವತ್ತು, ಓಣಿಯ ಹೆಂಗಸರೆಲ್ಲ ಸುತ್ತ ಕುಳಿತಿದ್ದರು. ಸೊಸೆಯ ಬಳೆ, ಕಾಲುಂಗುರ ತೆಗೆದಾಗಿತ್ತು. ಮೂಗುತಿಗೆ ರೇವವ್ವ ತಾನೇ ಕೈಹಾಕಿ, ಬೆವರು ಇಳಿಯುವವರೆಗೆ ತಿರುವಿ, "ಬರವಲ್ದು, ಇರ್ಲಿ ಬಿಡ್ರಿ" ಎಂದು ಎದ್ದಿದ್ದಳು.

"ಬಿಗೀ ಕಡೇನ ತಿರುವಿದ್ದೆ," ಅಂದಳು ಈಗ.

ರಾಜಶ್ರೀ ಸ್ಕ್ರೂಡ್ರೈವರನ್ನು ಮತ್ತೆ ಗೀರಿಗೆ ಇಟ್ಟಳು. ಬಿಗಿಯುವ ಕಡೆ ಕೂದಲೆಳೆಯಷ್ಟು ತಿರುವಿದಳು. ಕಿರ್ ಎಂದಿತು. ಆಮೇಲೆ ಬಿಚ್ಚುವ ಕಡೆಗೆ. ಸ್ಕ್ರೂ ಬಂತು.

ತಳ ತೆರೆದಾಗ ಒಳಗೆಲ್ಲ ಹಳದಿ ನೀರು. ಬ್ಯಾಟರಿ ಕೀಳುತ್ತಲೇ ಹಸಿರು ದೀಪ ಆರಿತು. ರಾಜಶ್ರೀ ಲ್ಯಾಪ್‌ಟಾಪನ್ನು ಮೊರದಲ್ಲಿ ಬೋರಲಾಗಿ ನಿಲ್ಲಿಸಿದಳು.

"ಅಂವನ ದನಿ ಉಳದೈತೇನ?"

"ಗೊತ್ತಿಲ್ರಿ. ಒಣಗಬೇಕು."

ರೇವವ್ವ ಮೊರದ ಮುಂದೆ ಕುಳಿತು ಸೆರಗಿನಿಂದ ಗಾಳಿ ಹಾಕತೊಡಗಿದಳು. ಆ ಗಾಳಿಗೆ ಹತಾರಗಳ ಮುಂದಿನ ದೀಪ ಆರಿಹೋಯಿತು. ಅವಳು ಕೈ ನಿಲ್ಲಿಸಲಿಲ್ಲ.