ಮುನಿವೆಂಕಟಮ್ಮನ ಸೊಂಟದ ಕಂಪ್ಯೂಟರ್

ಜೋಗುಪಾಳ್ಯದ ಆ ಓಣಿಯಲ್ಲಿ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದವಳು ಮೋನಿಷಾ. ಆದರೆ ಬೀಗದ ಕೈ ಮಾತ್ರ ಅವಳ ಅತ್ತೆ ಮುನಿವೆಂಕಟಮ್ಮನ ಸೊಂಟದಲ್ಲಿ. ಸೊಸೆಯ ಮೇಲೆ ನಂಬಿಕೆ ಸಾಲದೆ ಮಾಡಿಕೊಂಡ ಏರ್ಪಾಡು ಅದು. ಅದೇ ಗೊಂಚಲಿನಲ್ಲಿ ಒಂದು ಪೆನ್‌ಡ್ರೈವ್ ಕೂಡ ನೇತಾಡುತ್ತಿತ್ತು.

ಅಂಗಡಿಯ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಾಗ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸುಗತ, ವಿಂಡೋಸಿನ ಬದಲು ಲಿನಕ್ಸ್ ಎಂಬ ವ್ಯವಸ್ಥೆಯನ್ನು ಆ ಪೆನ್‌ಡ್ರೈವಿಗೇ ಹಾಕಿಕೊಟ್ಟಿದ್ದ. ಇದನ್ನು ಚುಚ್ಚಿದರೆ ಕಂಪ್ಯೂಟರ್ ಏಳುತ್ತದೆ, ಮಾಡಿದ ಕೆಲಸವೆಲ್ಲ ಇದರಲ್ಲೇ ಉಳಿಯುತ್ತದೆ, ಅಂಗಡಿ ಮುಚ್ಚುವಾಗ ಕಿತ್ತುಕೊಂಡು ಹೋಗಿ ಅಂದಿದ್ದ. ಮುನಿವೆಂಕಟಮ್ಮನ ಮಗ ಸುನೀಲನಿಗೆ ಇದನ್ನೆಲ್ಲ ಕೇಳುವ ತಾಳ್ಮೆ ಎಲ್ಲಿಯದು? ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ದಿನವಿಡೀ ವಿಂಡೋಸ್ ಕುಟ್ಟುವ ಮಹಾಶಯ ಅವನು. ಲಿನಕ್ಸ್ ಅಂದರೆ ಇಂಜಿನಿಯರುಗಳಿಗೆ, ಹೆಂಗಸರಿಗೆ ತಲೆಬುಡ ತಿಳಿಯುವುದಿಲ್ಲ ಎಂದು ನಕ್ಕಿದ್ದ. ಮುನಿವೆಂಕಟಮ್ಮನಿಗೋ ವಿಂಡೋಸೇ ಗೊತ್ತಿರಲಿಲ್ಲ, ಹಾಗಾಗಿ ಮರೆಯಬೇಕಾದದ್ದೂ ಏನೂ ಇರಲಿಲ್ಲ. ಕನ್ನಡದಲ್ಲಿ ಹೆಸರಿತ್ತು, ಪಕ್ಕದಲ್ಲಿ ಚಿತ್ರವಿತ್ತು, ಒತ್ತಿದರೆ ತೆರೆಯುತ್ತಿತ್ತು. ಸ್ವಲ್ಪ ದಿನದಲ್ಲೇ ಮಧ್ಯಾಹ್ನದ ಹೊತ್ತು ಕಂಪ್ಯೂಟರಿನ ಇಸ್ಪೀಟಾಟಕ್ಕೆ ಕೂರತೊಡಗಿದಳು.

ಹಾಗೆ ಇಸ್ಪೀಟು ಹುಡುಕುತ್ತ ಇನ್ನೇನನ್ನೋ ಒತ್ತಿ ಆ ವಿಡಿಯೋ ನೋಡಿದಳು. ಸುನೀಲ ಇದೇ ಅಂಗಡಿಯಲ್ಲಿ ಮೋನಿಷಾಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಜಜ್ಜುತ್ತಿದ್ದ. ಪರದೆಯ ಮೂಲೆಯಲ್ಲಿ ತಾನೂ ಇದ್ದಳು. ಅವನ ಸಿಟ್ಟಿನ ಮುಖ ನೋಡಿಯೇ ಸೊಸೆ ಮೊದಲೇ ಕಂಪ್ಯೂಟರಿನ ಕ್ಯಾಮೆರಾ ಹಾಕಿಟ್ಟಿದ್ದಳು. ಮುನಿವೆಂಕಟಮ್ಮ ವಿಡಿಯೋ ಮುಚ್ಚಿದಳು, ಬಾಯನ್ನೂ ಮುಚ್ಚಿಕೊಂಡಳು. ಹೆತ್ತ ಕರುಳು ಎಂಬ ಹಾಳು ವಸ್ತು ಏನೇನೆಲ್ಲ ಮಾಡಿಸುತ್ತದೆ.

ಮೋನಿಷಾಳಿಗೆ ಉಳಿದಿದ್ದ ದಾರಿ ಆ ವಿಡಿಯೋ ಒಂದೇ. ಹಿಂದೆ ದೂರು ಕೊಡಲು ಹೋದಾಗ ಸಾಕ್ಷಿ ಎಲ್ಲಿ ಎಂದು ಸ್ಟೇಷನ್ನಿನಿಂದ ಸಾಗಹಾಕಿದ್ದರು. ಆ ದಿನ ಬೆಳಿಗ್ಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಎಲ್ಲ ಕಂಪ್ಯೂಟರಿನಲ್ಲಿದೆ, ಇವತ್ತೇ ಪೊಲೀಸರಿಗೆ ಕೊಡುತ್ತೇನೆ ಎಂದು ಅವಳು ಗಂಡನ ಮುಖಕ್ಕೇ ಹೇಳಿಬಿಟ್ಟಳು. ಅತ್ತೆ ಸೊಸೆ ಅಂಗಡಿಗೆ ಬಂದು ಶಟರ್ ಅರ್ಧ ಎತ್ತಿದ್ದರಷ್ಟೇ, ಸುನೀಲ ಬಗ್ಗಿ ಒಳಗೆ ನುಗ್ಗಿದ. ಕೈಯಲ್ಲಿ ಸುತ್ತಿಗೆಯಿತ್ತು.

ಕಂಪ್ಯೂಟರ್ ಆನ್ ಮಾಡಿದ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಂದು ನಿಂತುಬಿಟ್ಟಿತು. ಸಿ ಡ್ರೈವೂ ಇಲ್ಲ, ಡಿ ಡ್ರೈವೂ ಇಲ್ಲ. ಪಾಸ್‌ವರ್ಡ್ ಏನೆಂದು ಕೇಳಿದ. ಪಾಸ್‌ವರ್ಡೇ ಇಲ್ಲ ಎಂದಳು ಮೋನಿಷಾ. ನಿಜ ಹೇಳಿದ್ದಕ್ಕೆ ಬಾಯಿಗೆ ಗುದ್ದಿದ. ತುಟಿ ಸೀಳಿ ರಕ್ತ ಕುತ್ತಿಗೆಗೆ ಇಳಿಯಿತು. ಕೆಳಗೆ ಬಿದ್ದವಳ ಹೊಟ್ಟೆಗೆ ಒದ್ದ. ಆಮೇಲೆ ಕಂಪ್ಯೂಟರಿನ ಡಬ್ಬ ಬಿಚ್ಚಿ, ಹಾರ್ಡ್ ಡಿಸ್ಕ್ ಎಳೆದು ನೆಲಕ್ಕೆ ಹಾಕಿ, ಪುಡಿಯಾಗುವ ತನಕ ಚಚ್ಚಿದ. ಎಂದೋ ಸತ್ತಿದ್ದ ಡಿಸ್ಕನ್ನು ಇನ್ನೊಂದು ಸಲ ಕೊಂದ.

“ಬೇರೆ ಎಲ್ಲಾದ್ರೂ ಇಟ್ಟಿದ್ದಾಳೇನಮ್ಮಾ?”

ಮುನಿವೆಂಕಟಮ್ಮನ ಕೈ ಸೊಂಟದ ಗೊಂಚಲಿನ ಮೇಲಿತ್ತು.

“ಎಲ್ಲಾ ಆ ಡಬ್ಬದಲ್ಲೇ ಅಲ್ವೇನಪ್ಪಾ ಇರೋದು?”

ಮಗ ನಂಬಿದ. ಸಮಾಧಾನವೇನೂ ಆಗಲಿಲ್ಲ ಅವನಿಗೆ. ಮೋನಿಷಾಳ ಬಲಗೈಯನ್ನು ನೆಲಕ್ಕೆ ತುಳಿದು ಹಿಡಿದ.

“ಈ ಕೈ ಇನ್ಮೇಲೆ ಏನೂ ಒತ್ಬಾರ್ದು. ಶಟರ್ ಎಳಿಯಮ್ಮಾ.”

ಎಳೆದು ಎಳೆದು ರೂಢಿಯಾಗಿದ್ದ ಅತ್ತೆಯ ಕೈ ತಾನಾಗಿಯೇ ಶಟರಿಗೆ ಹೋಯಿತು. ಅಷ್ಟರಲ್ಲಿ ಸೊಸೆಯ ಕೈ ಮೇಲೆ ಸುತ್ತಿಗೆ ಬಿತ್ತು, ಮೂಳೆ ಮುರಿದ ಸದ್ದು ಕೇಳಿತು. ಮುನಿವೆಂಕಟಮ್ಮ ಇದ್ದ ಬಲವನ್ನೆಲ್ಲ ಹಾಕಿ ಶಟರನ್ನು ಮೇಲಕ್ಕೆ ತಳ್ಳಿದಳು. ಓಣಿಯೆಲ್ಲ ತಿರುಗಿ ನೋಡಿತು. ಟೀ ಅಂಗಡಿಯಿಂದ ಜನ ನುಗ್ಗಿ ಬಂದು, ಸುತ್ತಿಗೆ ಕಿತ್ತುಕೊಂಡು, ಸುನೀಲನ ಮೂಗು ಬಾಯಲ್ಲಿ ರಕ್ತ ಬರುವಂತೆ ಬಡಿದರು. ಅಮ್ಮಾ ಎಂದು ಕೂಗಿದ. ಅವಳು ಬಿಡಿಸಲಿಲ್ಲ.

ಮೋನಿಷಾಳನ್ನು ಆಸ್ಪತ್ರೆಗೆ ಸೇರಿಸಿ ಅತ್ತೆ ಸುಗತನ ಜೊತೆ ಸ್ಟೇಷನ್ನಿಗೆ ಹೋದಳು. ಸುಗತ ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ಆನ್ ಮಾಡಿದ. ಅಂಗಡಿಯ ಕಂಪ್ಯೂಟರ್ ಇದ್ದ ಹಾಗೇ ಎದ್ದು ಬಂತು, ಅರ್ಧಕ್ಕೆ ಬಿಟ್ಟ ಇಸ್ಪೀಟಾಟವೂ ಇತ್ತು. ಮುನಿವೆಂಕಟಮ್ಮ ತಾನೇ ಮೌಸ್ ಹಿಡಿದು ವಿಡಿಯೋ ಒತ್ತಿದಳು. ಹೊಡೆಯುತ್ತಿರುವವನು ತನ್ನ ಮಗ ಎಂದಳು. ಇನ್ಸ್‌ಪೆಕ್ಟರ್ ನೋಡಿ, ಹಿಂದೆ ಶಟರ್ ಇಳಿಸುತ್ತಿರುವ ಹೆಂಗಸು ಯಾರು ಎಂದು ಕೇಳಿದರು.

“ನಾನೇ ಸ್ವಾಮಿ. ಬೀದಿಯೋರಿಗೆ ಕಾಣ್ಬಾರ್ದು ಅಂತ ಎಳೀತಿದ್ದೆ. ಅದ್ನೂ ಬರ್ಕೊಳ್ಳಿ.”